ಉಕ್ಕಿನಡ್ಕದ ಕಟ್ಟಡ ಎದ್ದಿತು, ಒಳಗಿನ ತಂಡ ಎಲ್ಲಿದೆ?



ಬದಿಯಡ್ಕ ಸಮೀಪದ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2025ರಲ್ಲಿ 50 ಎಂಬಿಬಿಎಸ್ ಸೀಟುಗಳ ಅನುಮತಿ ಸಿಕ್ಕಿದ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅಭಿನಂದನೆಗಳ ಸುರಿಮಳೆಯಾಯಿತು. ಆಗಬೇಕಾದದ್ದೇ. 2013ರ ನವೆಂಬರ್ 30ರಂದು ಶಿಲಾನ್ಯಾಸವಾದ ಕಾಲೇಜು ಅದು. ಹೊರರೋಗಿ ವಿಭಾಗ ಶುರುವಾದದ್ದು 2022ರ ಜನವರಿಯಲ್ಲಿ. ಕಲ್ಲು ಹಾಕಿದಾಗ ಒಂದನೇ ತರಗತಿಗೆ ಸೇರಿದ ಮಗು ಈಗ ಪ್ಲಸ್ ಟೂ ಮುಗಿಸಿದೆ. ಇಷ್ಟು ಕಾದವರಿಗೆ ಸಂತೋಷಪಡುವ ಹಕ್ಕಿದೆ.

ಅಭಿನಂದನೆಗಳ ನಡುವೆ ಸದಸ್ಯರೊಬ್ಬರು, "ಇನ್ನು ಮಂಗಳೂರಿಗೆ ಓಡುವ ಕೆಲಸ ಇಲ್ಲ" ಎಂದು ಬರೆದರು. ನನಗೆ ಅಷ್ಟು ಧೈರ್ಯವಿಲ್ಲ. ಯಾಕೆ ಇಲ್ಲ ಎಂಬುದನ್ನು ಈ ಸಲದ ಪುಟದಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನು ವೈದ್ಯನಲ್ಲ, ನಿವೃತ್ತ ಗುಮಾಸ್ತ. ಸೇವೆಯ ಕೊನೆಯ ಕೆಲವು ವರ್ಷ ಒಂದು ಸರಕಾರಿ ಆಸ್ಪತ್ರೆಯ ಕಚೇರಿಯಲ್ಲಿ ಕಳೆದವನು. ಆಸ್ಪತ್ರೆಯ ಹೆಸರು ಬೇಡ, ಅಲ್ಲಿದ್ದ ಹಲವರು ಇನ್ನೂ ಸೇವೆಯಲ್ಲಿದ್ದಾರೆ. ಹಾಜರಿ ಪುಸ್ತಕ, ಇಂಡೆಂಟ್, ವರ್ಗಾವಣೆ ಆದೇಶ, ಇವುಗಳ ಕಿಟಕಿಯಿಂದ ಆಸ್ಪತ್ರೆಯನ್ನು ಕಂಡವನು ನಾನು. ಆ ಕಿಟಕಿಯಿಂದ ಕಾಣುವ ಒಂದು ಸಂಗತಿ ಉದ್ಘಾಟನೆಯ ಫೋಟೋದಲ್ಲಿ ಕಾಣುವುದಿಲ್ಲ.

ಸೊಲ್ಲಾಪುರ, ಹೊಸೂರು, ಆದೋನಿ ಕಡೆಯ ಸದಸ್ಯರಿಗಾಗಿ ಮೊದಲು 2020ರ ಕಥೆ ಹೇಳಬೇಕು. ಕಾಸರಗೋಡಿನ ನಮಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ಹೃದಯ, ಮಿದುಳು, ಮೂತ್ರಪಿಂಡ, ಕಷ್ಟದ ಹೆರಿಗೆ, ಎಲ್ಲದಕ್ಕೂ ತಲಪಾಡಿ ದಾಟಬೇಕು. ಎಂಡೋಸಲ್ಫಾನ್ ಪೀಡಿತರ ಚಿಕಿತ್ಸೆಗೆ ಕೇರಳ ಸರಕಾರವೇ ಗುರುತಿಸಿದ ಆಸ್ಪತ್ರೆಗಳಲ್ಲಿ ಮಂಗಳೂರಿನವೂ ಸೇರಿವೆ. ಆ ವರ್ಷ ಮಾರ್ಚ್ ಕೊನೆಯ ವಾರದಲ್ಲಿ ಕೊರೋನಾ ಭಯದಿಂದ ಕರ್ನಾಟಕ ಗಡಿ ಮುಚ್ಚಿತು, ಒಳದಾರಿಗಳ ಮೇಲೂ ಮಣ್ಣು ಸುರಿಯಿತು. ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದೆ ಬಂದವು. ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಸುವಂತೆ ಕೇಂದ್ರಕ್ಕೆ ನಿರ್ದೇಶನ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಎರಡು ರಾಜ್ಯಗಳ ನಡುವೆ ಒಪ್ಪಂದವಾದ ಮೇಲೆ ಏಪ್ರಿಲ್ 7ಕ್ಕೆ ಮುಗಿಯಿತು. ಕನ್ನಡಿಗರನ್ನು ಕನ್ನಡದ ನಾಡೇ ಬಾಗಿಲಲ್ಲಿ ನಿಲ್ಲಿಸಿದ ಆ ಹದಿನೈದು ದಿನಗಳ ಬಗ್ಗೆ ನನಗಿರುವ ಬೇಸರವನ್ನು ಹಿಂದೆಯೇ ಬರೆದಿದ್ದೇನೆ, ಮತ್ತೆ ಬರೆಯುವುದಿಲ್ಲ.

ಇಲ್ಲಿ ಹೇಳಬೇಕಾದದ್ದು ಅದೇ ವಾರದ ಇನ್ನೊಂದು ಘಟನೆ. ಉಕ್ಕಿನಡ್ಕದಲ್ಲಿ ಆಗ ಇದ್ದದ್ದು ಕಾಲೇಜಿನ ಕಟ್ಟಡ ಮಾತ್ರ, ಆಸ್ಪತ್ರೆ ಅಲ್ಲ. ತಿರುವನಂತಪುರ ಮೆಡಿಕಲ್ ಕಾಲೇಜಿನಿಂದ ಸುಮಾರು 25 ಮಂದಿ ವೈದ್ಯರು, ದಾದಿಯರು, ನರ್ಸಿಂಗ್ ಅಸಿಸ್ಟೆಂಟರು ಬಸ್ಸಿನಲ್ಲಿ ಬಂದಿಳಿದರು. ಏಪ್ರಿಲ್ 6ರಂದು ಅಲ್ಲಿ 200 ಹಾಸಿಗೆಗಳ ಕೋವಿಡ್ ಆಸ್ಪತ್ರೆ ಶುರುವಾಗಿತ್ತು. ಅವರ ಅವಧಿ ಮುಗಿದ ಮೇಲೆ ಕೋಟ್ಟಯಂನಿಂದ ಮತ್ತೊಂದು ತಂಡ ಬಂತು. ಜಿಲ್ಲೆಯ ಸಿಬ್ಬಂದಿ ಜೊತೆಗೂಡಿದರು. ಮೊದಲ ಅಲೆಯಲ್ಲಿ ಜಿಲ್ಲೆಯ 170ಕ್ಕೂ ಹೆಚ್ಚು ಸೋಂಕಿತರಲ್ಲಿ ಒಬ್ಬರೂ ಸಾಯಲಿಲ್ಲ.

ಆರು ವರ್ಷದಲ್ಲಿ ಆಗದ ಆಸ್ಪತ್ರೆ ಕೆಲವೇ ದಿನಗಳಲ್ಲಿ ಆಯಿತು. ಕಟ್ಟಡ ಅದೇ, ಸಿಮೆಂಟ್ ಅದೇ. ಬಂದದ್ದು ತಂಡ. ಒಬ್ಬೊಬ್ಬರನ್ನೇ ಒಂದೊಂದು ಜಿಲ್ಲೆಯಿಂದ ಆದೇಶ ಹೊರಡಿಸಿ ಕರೆಸಿದ್ದರೆ ಏನಾಗುತ್ತಿತ್ತು ಎಂದು ನನ್ನಂಥ ಗುಮಾಸ್ತನಿಗೆ ಚೆನ್ನಾಗಿ ಗೊತ್ತು. ಅರ್ಧ ಮಂದಿ ಜಾಯಿನಿಂಗ್ ಟೈಮ್ ಕೇಳುತ್ತಿದ್ದರು, ಉಳಿದವರು ವೈದ್ಯಕೀಯ ರಜೆ ಹಾಕುತ್ತಿದ್ದರು. ಇವರು ಒಂದೇ ಕಾಲೇಜಿನವರು, ಒಂದೇ ಬಸ್ಸಿನಲ್ಲಿ ಬಂದವರು, ಕೆಲಸದ ಶಿಸ್ತನ್ನು ಜೊತೆಗೇ ಕಟ್ಟಿಕೊಂಡು ಬಂದವರು.

ಇದರ ತಿರುವು ಮುರುವಿನ ಕಥೆಯೂ ನಮ್ಮ ಜಿಲ್ಲೆಯಲ್ಲೇ ಇದೆ. ಚಟ್ಟಂಚಾಲಿನ ಹತ್ತಿರ ತೆಕ್ಕಿಲ್‌ನಲ್ಲಿ ಟಾಟಾ ಸಂಸ್ಥೆ ಕಂಟೈನರುಗಳಿಂದ ಐನೂರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆ ಕಟ್ಟಿ 2020ರ ಸೆಪ್ಟೆಂಬರಿನಲ್ಲಿ ಸರಕಾರಕ್ಕೆ ಒಪ್ಪಿಸಿತು. ಒಳ್ಳೆಯ ಕೆಲಸ, ತಿಂಗಳುಗಳಲ್ಲಿ ಮುಗಿಸಿದರು. ಸಾಂಕ್ರಾಮಿಕ ಇಳಿಯಿತು, ಅಲ್ಲಿದ್ದ ಸಿಬ್ಬಂದಿಯನ್ನು ಬೇರೆ ಬೇರೆ ಕಡೆಗೆ ಕಳುಹಿಸಿದರು, ಆಸ್ಪತ್ರೆ ನಿಂತುಹೋಯಿತು. ಒಟ್ಟಿಗೆ ಕೆಲಸ ಕಲಿತವರನ್ನು ಚದುರಿಸಿದರೆ ಅವರು ಕಲಿತದ್ದೂ ಚದುರಿಹೋಗುತ್ತದೆ. ಖಾಲಿ ಕಂಟೈನರು ಯಾರ ಕಣ್ಣಿಗೂ ಬೀಳುತ್ತದೆ, ಈ ನಷ್ಟ ಬೀಳುವುದಿಲ್ಲ.

ಈಗ ನನ್ನ ಕಚೇರಿಯ ದಿನಗಳಿಗೆ ಬರುತ್ತೇನೆ.

ಒಂದು ರಾತ್ರಿ ಹೆಂಗಸರ ವಾರ್ಡಿಗೆ ನಮ್ಮ ಕಡೆಯ ಒಬ್ಬರು ಅಜ್ಜಿ ಬಂದು ಸೇರಿದ್ದರು. ಮಲಯಾಳ ಬಾರದು. ಪಾಳಿಯಲ್ಲಿದ್ದ ಸಿಸ್ಟರ್ ದಕ್ಷಿಣದ ಜಿಲ್ಲೆಯಿಂದ ಹೊಸದಾಗಿ ಬಂದವರು, ಒಳ್ಳೆಯ ಹುಡುಗಿ. ಅಜ್ಜಿ ಎದೆ ಮುಟ್ಟಿಕೊಂಡು, "ಸಂಕಟ ಆಗ್ತದೆ ಮಗಾ, ತುಂಬಾ ಸಂಕಟ" ಎಂದರು. ಮಲಯಾಳದಲ್ಲಿ ಸಂಕಟ ಎಂದರೆ ದುಃಖ, ಮನಸ್ಸಿನ ನೋವು. ಆ ಹುಡುಗಿಯ ತಪ್ಪೇನು ಹೇಳಿ? ಮನೆಯವರನ್ನು ನೆನೆದು ಮುದುಕಿ ಕೊರಗುತ್ತಿದ್ದಾಳೆ ಎಂದುಕೊಂಡರು. ಪಕ್ಕದಲ್ಲಿ ಕೂತು, ಕೈ ಹಿಡಿದು, ಮಲಯಾಳದಲ್ಲೇ ಸಮಾಧಾನ ಹೇಳಿದರು. ವಾರ್ಡಿನ ನೆಲ ಒರೆಸುತ್ತಿದ್ದ ಹೆಂಗಸು ಕುಂಬಳೆ ಕಡೆಯವರು, ಮನೆಮಾತು ತುಳು, ಕನ್ನಡವೂ ಮಲಯಾಳವೂ ಬರುತ್ತಿತ್ತು. ಅವರಿಗೆ ಅಜ್ಜಿಯ ಮಾತು ಅರ್ಥವಾಗಿತ್ತು. ಆದರೆ ಸುಮ್ಮನಿದ್ದರು. ಯಾಕೆಂದರೆ ಹಿಂದೊಮ್ಮೆ ಬೇರೊಬ್ಬ ರೋಗಿಯ ಬಗ್ಗೆ ಬಾಯಿ ಹಾಕಿದಾಗ, "ನಿಮ್ಮ ಕೆಲಸ ನೀವು ನೋಡಿಕೊಳ್ಳಿ" ಎಂದು ಬೈಸಿಕೊಂಡಿದ್ದರು. ಹತ್ತು ನಿಮಿಷ ಕಳೆದಿರಬೇಕು. ಅಜ್ಜಿಯ ಹಣೆಯಲ್ಲಿ ಬೆವರು ಕಂಡಿತು. ಆಗ ಹೆಂಗಸಿಗೆ ತಡೆಯಲಾಗಲಿಲ್ಲ. ಹಿಡಿಸೂಡಿ ಅಲ್ಲೇ ಬಿಟ್ಟು ಬಂದು, "ಸಿಸ್ಟರೇ, ಅದು ಬೇಜಾರು ಅಲ್ಲ, ಎದೆ ನೋವು ಅಂತ ಹೇಳುವುದು ಅವರು" ಎಂದರು. ಸಿಸ್ಟರ್ ಎದ್ದು ಓಡಿದರು. ಡ್ಯೂಟಿ ಡಾಕ್ಟರ್ ಬಂದರು, ಇಸಿಜಿ ತೆಗೆದರು, ಆಂಬುಲೆನ್ಸ್ ಮಂಗಳೂರಿಗೆ ಹೊರಟಿತು. ಅಜ್ಜಿ ಉಳಿದರು.

ಮರುದಿನ ಹೆಡ್ ನರ್ಸ್ ನಮ್ಮ ಕಚೇರಿಗೆ ಬಂದಾಗ ಯಾರ ಮೇಲೋ ಮೆಮೊ ಬರೆಸುತ್ತಾರೆ ಎಂದು ನಾನು ಕಾಗದ ತೆಗೆದಿಟ್ಟೆ. ಅವರು ಮೆಮೊ ಬರೆಸಲಿಲ್ಲ. "ಗೊತ್ತಿದ್ದವರು ಹತ್ತು ನಿಮಿಷ ಯಾಕೆ ಸುಮ್ಮನಿದ್ದರು ಅಂತ ನನಗೆ ಗೊತ್ತಾಗಬೇಕು" ಎಂದರು. ಆ ವಾರದಿಂದ ಬೆಳಗ್ಗೆ ಪಾಳಿ ಬದಲಾಗುವಾಗ ಹತ್ತು ನಿಮಿಷ ಎಲ್ಲರೂ ನಿಂತು ಮಾತಾಡುವ ಪದ್ಧತಿ ತಂದರು. ಎಲ್ಲರೂ ಎಂದರೆ ಡಾಕ್ಟರಿಂದ ಹಿಡಿದು ನೆಲ ಒರೆಸುವವರು, ಡ್ರೈವರ್, ಫಾರ್ಮಸಿಯವರು, ಕಚೇರಿಯಿಂದ ನಾನು. ಮೊದಲ ದಿನಗಳಲ್ಲಿ ಕೆಳಗಿನವರು ಗೋಡೆಗೆ ಒರಗಿ ನಿಂತು ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಹೆಡ್ ನರ್ಸ್ ಅವರನ್ನೇ ಮೊದಲು ಕೇಳುತ್ತಿದ್ದರು. ಒಂದು ತಿಂಗಳಿಗೆ ಬಾಯಿ ಬಂತು.

ಅದರ ಫಲ ಆ ಮಳೆಗಾಲದಲ್ಲಿ ಕಂಡಿತು. ಜೂನ್ ಹಿಡಿದದ್ದೇ ಜ್ವರದ ರೋಗಿಗಳು ತುಂಬಿದರು. ಚೀಟಿ ಬರೆಯುವ ಕೌಂಟರಿನ ಸಾಲು ಗೇಟಿನವರೆಗೆ ಬಂದು ಆಂಬುಲೆನ್ಸ್ ಒಳಗೆ ಬರುವುದೇ ಕಷ್ಟ ಎಂದು ಡ್ರೈವರ್ ಹೇಳಿದರು. ಮರುದಿನವೇ ಜ್ವರದ ಸಾಲನ್ನು ಹಿಂದಿನ ಶೆಡ್ಡಿಗೆ ಸರಿಸಿದರು. ಇದಕ್ಕೆ ಮೇಲಿನಿಂದ ಯಾವ ಆದೇಶವೂ ಬೇಕಾಗಲಿಲ್ಲ. ನನ್ನ ಮಟ್ಟಿಗೆ ದೊಡ್ಡ ಆಶ್ಚರ್ಯ ಬೇರೆಯದೇ. ಜ್ವರದ ಮಾತ್ರೆ ನಾಲ್ಕು ದಿನಕ್ಕೆ ಮಾತ್ರ ಸಾಕು ಎಂದು ಫಾರ್ಮಸಿಯವರು ಬೆಳಗ್ಗಿನ ಮಾತುಕತೆಯಲ್ಲಿ ಹೇಳಿದ್ದರಿಂದ, ನನ್ನ ಸೇವೆಯಲ್ಲೇ ಮೊದಲ ಸಲ ಸ್ಟಾಕ್ ಮುಗಿಯುವ ಮೊದಲೇ ಇಂಡೆಂಟ್ ನನ್ನ ಮೇಜಿಗೆ ಬಂತು.

ಮುಂದಿನ ವರ್ಷ ಹೆಡ್ ನರ್ಸಿಗೆ ವರ್ಗಾವಣೆ ಆಯಿತು. ಬಿಡುಗಡೆ ಆದೇಶ ಟೈಪ್ ಮಾಡಿದವನು ನಾನೇ, ಎರಡು ಸಾಲಿನ ಆದೇಶ. ಬೆಳಗ್ಗಿನ ಮಾತುಕತೆಗೆ ಮೊದಲು ಡ್ರೈವರ್ ಬರುವುದು ನಿಂತಿತು, ಆಮೇಲೆ ಫಾರ್ಮಸಿಯವರು. ಆ ಸಿಸ್ಟರಿಗೂ ತಮ್ಮ ಊರಿಗೆ ವರ್ಗ ಸಿಕ್ಕಿತು. ಎರಡು ತಿಂಗಳಲ್ಲಿ ಹತ್ತು ನಿಮಿಷ ಪೂರ್ತಿ ಮುಗಿದುಹೋಯಿತು. ಆ ಮಳೆಗಾಲದಲ್ಲಿ ಇಂಡೆಂಟ್ ಮಾತ್ರೆ ಖಾಲಿಯಾದ ಮೇಲೆ ಬಂತು.

ನಾನು ಇದನ್ನು ಬಹಳ ಕಾಲ ನಮ್ಮ ಆಸ್ಪತ್ರೆಯದ್ದೇ ಒಂದು ಕಥೆ ಎಂದುಕೊಂಡಿದ್ದೆ. ನಿವೃತ್ತನಾದ ಮೇಲೆ ಓದಲು ಸಮಯ ಸಿಕ್ಕಿತು, ಇದನ್ನು ಲೋಕವೇ ಅಧ್ಯಯನ ಮಾಡಿದೆ ಎಂದು ಆಗ ಗೊತ್ತಾಯಿತು. ಅಮೆರಿಕದ ಏಮಿ ಎಡ್ಮಂಡ್ಸನ್ ಎಂಬವರು ತೊಂಬತ್ತರ ದಶಕದಲ್ಲಿ ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸಲು ಹೊರಟರು. ಒಗ್ಗಟ್ಟಿನ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ಎಣಿಕೆ. ಲೆಕ್ಕ ಉಲ್ಟಾ ಬಂತು, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು! ಆಮೇಲೆ ತಿಳಿದದ್ದೇನೆಂದರೆ, ಅಲ್ಲಿ ಜನ ಹೆದರದೆ ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು. ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಡಿಟ್ ಆಕ್ಷೇಪಣೆ ಒಂದೂ ಇಲ್ಲದ ಫೈಲನ್ನು ನಾವು ಮೊದಲು ಸಂಶಯದಿಂದ ನೋಡುತ್ತಿದ್ದೆವು.

ಅವರೇ ಇಬ್ಬರು ಸಹೋದ್ಯೋಗಿಗಳ ಜೊತೆ 16 ಆಸ್ಪತ್ರೆಗಳನ್ನು ನೋಡಿ 2001ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಎದೆಯ ಮೂಳೆ ಸೀಳದೆ, ಪಕ್ಕೆಲುಬುಗಳ ನಡುವೆ ಸಣ್ಣ ಗಾಯ ಮಾಡಿ ಹೃದಯದ ಶಸ್ತ್ರಚಿಕಿತ್ಸೆ ಮಾಡುವ ಹೊಸ ಕ್ರಮ ಆಗ ಬಂದಿತ್ತು. ಈ ಕ್ರಮದಲ್ಲಿ ಸರ್ಜನ್ನರಿಗೆ ಒಳಗಿನದು ಮೊದಲಿನಂತೆ ನೇರವಾಗಿ ಕಾಣುವುದಿಲ್ಲ. ಅರಿವಳಿಕೆಯವರು, ದಾದಿ, ಯಂತ್ರ ನೋಡುವವರು ಹೇಳಿದ್ದನ್ನು ಕೇಳಿ ಕೈ ಆಡಿಸಬೇಕು. ಯಾವ ಆಸ್ಪತ್ರೆ ಇದನ್ನು ಬೇಗ ರೂಢಿಸಿಕೊಂಡಿತು? ಹೆಸರುವಾಸಿ ಆಸ್ಪತ್ರೆಯೂ ಅಲ್ಲ, ಅತಿ ಹಿರಿಯ ಸರ್ಜನ್ನರಿದ್ದದ್ದೂ ಅಲ್ಲ. ತಂಡವನ್ನು ಮನಸ್ಸಿಟ್ಟು ಆರಿಸಿ, ಮೊದಲೇ ಒಟ್ಟಿಗೆ ಅಭ್ಯಾಸ ಮಾಡಿಸಿ, "ನನಗೆ ನಿಮ್ಮ ಮಾತು ಬೇಕು" ಎಂದು ಸರ್ಜನ್ನರೇ ಕೇಳಿಕೊಂಡ ಕಡೆ ಅದು ಹಿಡಿಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸೆಯ ಪರಿಶೀಲನಾ ಪಟ್ಟಿಯ ಬಗ್ಗೆಯೂ ಒಂದು ಮಾತು. ಹತ್ತೊಂಬತ್ತು ಅಂಶಗಳ ಒಂದೇ ಪುಟ. ದೆಹಲಿ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿ 2009ರಲ್ಲಿ ಫಲ ಪ್ರಕಟಿಸಿದಾಗ, ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು. ಕತ್ತಿ ಹಿಡಿಯುವ ಮೊದಲು ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕು ಎಂಬುದು ಆ ಪಟ್ಟಿಯ ಒಂದು ಅಂಶ. ಓದಿದಾಗ ನನಗೆ ನೆಲ ಒರೆಸುತ್ತಿದ್ದ ಆ ಹೆಂಗಸು ನೆನಪಾದರು. ನಾಲ್ಕು ವರ್ಷ ಒಂದೇ ಕಟ್ಟಡದಲ್ಲಿದ್ದೆವು, ಸಂಬಳದ ಬಿಲ್ಲಿನಲ್ಲಿ ಬಿಟ್ಟರೆ ಅವರ ಹೆಸರನ್ನು ನಾನು ಬಾಯಿಬಿಟ್ಟು ಕರೆದದ್ದು ಆ ಘಟನೆಯ ಮೇಲೆಯೇ.

ಕೇರಳದ ಆಸ್ಪತ್ರೆಗಳಿಗೆ ಇದು ತಿಳಿಯದ ವಿಷಯ ಅಲ್ಲ. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಕಾಣಿಸಿಕೊಂಡಾಗ, ಒಂದೇ ಮನೆಯ ಹಲವರಿಗೆ ಒಂದೇ ತರಹದ ಲಕ್ಷಣ ಇರುವುದನ್ನು ಖಾಸಗಿ ಆಸ್ಪತ್ರೆಯೊಂದರ ವೈದ್ಯರು ಒಟ್ಟಿಗೆ ಕೂತು ಗಮನಿಸಿದರು. ಮಾದರಿ ಹೋದದ್ದು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ, ಖಚಿತವಾದದ್ದು ಪುಣೆಯಲ್ಲಿ. ಅಷ್ಟರಲ್ಲಿ ಸೋಂಕು ಆಸ್ಪತ್ರೆಗಳೊಳಗೇ ಹಬ್ಬಿತ್ತು. ಪೇರಾಂಬ್ರ ತಾಲೂಕು ಆಸ್ಪತ್ರೆಯ ದಾದಿ ಲಿನಿ ರೋಗಿಯ ಶುಶ್ರೂಷೆ ಮಾಡಿ ತಾವೇ ತೀರಿಕೊಂಡರು. ಸರಕಾರದ ಲೆಕ್ಕದಲ್ಲಿ ಆ ಸಲ 17 ಸಾವು. 2023ರಲ್ಲಿ ಅದೇ ಜಿಲ್ಲೆಗೆ ನಿಪಾ ಮತ್ತೆ ಬಂದಾಗ ಸೋಂಕು ತಗಲಿದ್ದು ಆರು ಮಂದಿಗೆ, ತೀರಿಕೊಂಡವರು ಇಬ್ಬರು. ನಡುವೆ ಯಂತ್ರ, ಔಷಧ, ಪ್ರಯೋಗಾಲಯ ಎಲ್ಲ ಸುಧಾರಿಸಿದ್ದು ನಿಜ. ಆದರೆ ಯಾರು ಯಾರಿಗೆ ಫೋನ್ ಮಾಡಬೇಕು, ರೋಗಿಯನ್ನು ಯಾವ ಬಾಗಿಲಿನಿಂದ ತರಬೇಕು, ಸಂಪರ್ಕಕ್ಕೆ ಬಂದವರ ಪಟ್ಟಿ ಯಾರು ಮಾಡಬೇಕು ಎಂಬುದು ಬಾಯಿಪಾಠವಾಗಿದ್ದ ಜನ ಅಲ್ಲಿದ್ದರು. ಅದಕ್ಕೆ ನಾನು ದೊಡ್ಡ ಬೆಲೆ ಕೊಡುತ್ತೇನೆ.

ಹಾಗಾದರೆ ಕಾಸರಗೋಡಿಗೆ ಯಾಕೆ ಕಷ್ಟ? ಎರಡು ಕಾರಣ. ಮೊದಲನೆಯದು ನಮ್ಮವರೆಲ್ಲ ಬಲ್ಲದ್ದು. ದಕ್ಷಿಣದ ಜಿಲ್ಲೆಗಳಿಂದ ಬಂದವರು ಬಂದ ದಿನವೇ ಹಿಂದೆ ಹೋಗುವ ಅರ್ಜಿ ಬರೆಯುತ್ತಾರೆ. ಅವರನ್ನು ದೂರುವುದಿಲ್ಲ, ಮಕ್ಕಳ ಶಾಲೆ, ವಯಸ್ಸಾದ ತಂದೆತಾಯಿ ಎಲ್ಲ ಅಲ್ಲಿರುತ್ತಾರೆ. ಆದರೆ ಒಬ್ಬರ ಕೈಗೆ ಒಬ್ಬರ ಕೈ ಹೊಂದಿಕೊಳ್ಳುವಷ್ಟರಲ್ಲಿ ಒಬ್ಬರು ಹೊರಟಿರುತ್ತಾರೆ. ಹುದ್ದೆ ಖಾಲಿ ಇದೆ ಎಂದು ನಾವು ಪ್ರತಿಭಟನೆ ಮಾಡುತ್ತೇವೆ, ಮನವಿ ಕೊಡುತ್ತೇವೆ. ತುಂಬಿದ ಹುದ್ದೆಯಲ್ಲಿ ಅದೇ ವ್ಯಕ್ತಿ ಎಷ್ಟು ಕಾಲ ನಿಂತರು ಎಂದು ಇಷ್ಟು ವರ್ಷದಲ್ಲಿ ನಾವು ಒಮ್ಮೆಯೂ ಕೇಳಿಲ್ಲ. ಮನವಿಗಳ ಕರಡು ಬರೆಯುವವನು ನಾನೇ ಆದ್ದರಿಂದ ಈ ತಪ್ಪು ನನ್ನದೂ ಹೌದು.

ಎರಡನೆಯದು ಭಾಷೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು ಎಂದಿದೆ. ಇದನ್ನು ನಾವು ಕಾಗದಕ್ಕೆ ಅನ್ವಯಿಸಿದ್ದೇವೆ. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆಗಳು ಪಿಎಸ್‌ಸಿಯಲ್ಲಿವೆ. ನಾಮಫಲಕ, ಅರ್ಜಿ ಫಾರಂ ಎಂದು ದಶಕಗಳಿಂದ ಹೋರಾಡಿದ್ದೇವೆ, ಅದು ಬೇಕಾದದ್ದೇ. ಆದರೆ ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡವರು ಅರ್ಜಿ ಬರೆಯುವುದಿಲ್ಲ. ಅವರ 'ಪನಿ' ಎಂದರೆ ಜ್ವರ, ತುಳುವಿನಲ್ಲಿ ಪನಿ ಎಂದರೆ ತುಂತುರು ಮಳೆ. ಸಂಕಟದ ಕಥೆ ಹೇಳಿದೆನಲ್ಲ. ತುಳು, ಬ್ಯಾರಿ, ಕೊಂಕಣಿ, ಮರಾಠಿ, ಹವಿಗನ್ನಡ, ಎಲ್ಲ ಇರುವ ಊರು ನಮ್ಮದು. ಸಪ್ತಭಾಷಾ ಸಂಗಮ ಎಂದು ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಹೊಡೆಸಿಕೊಳ್ಳುತ್ತೇವೆ, ವಾರ್ಡಿನಲ್ಲಿ ಅದನ್ನು ಸಂಭಾಳಿಸುವವರು ಅತಿ ಕಡಿಮೆ ಸಂಬಳದವರು. ನೆಲ ಒರೆಸುವವರು, ಲಿಫ್ಟಿನವರು, ಆಶಾ ಕಾರ್ಯಕರ್ತೆಯರು. ಊರಿನವರು ಅವರೇ, ವರ್ಗಾವಣೆ ಇಲ್ಲದವರೂ ಅವರೇ. ಸರಕಾರಿ ಲೆಕ್ಕದಲ್ಲಿ ಮಾತ್ರ ಅವರು ತಂಡದವರಲ್ಲ. ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಆಶಾ ಕಾರ್ಯಕರ್ತೆಯರು 2025ರ ಫೆಬ್ರವರಿಯಿಂದ ತಿಂಗಳುಗಟ್ಟಲೆ ಬಿಸಿಲು ಮಳೆಯಲ್ಲಿ ಕೂತದ್ದನ್ನು ನೀವೆಲ್ಲ ಟಿವಿಯಲ್ಲಿ ಕಂಡಿದ್ದೀರಿ. ಗೌರವಧನದ ಬೇಡಿಕೆ ಅದು, ಸರಿ. ನಮ್ಮಂಥ ಗಡಿ ಊರಿಗೆ ಅದರಲ್ಲಿ ಇನ್ನೂ ಒಂದು ವಿಷಯ ಇತ್ತು. ನಮ್ಮ ಮನೆಯ ಮಾತನ್ನು ಆಸ್ಪತ್ರೆಗೆ ಮುಟ್ಟಿಸುವವರು ಯಾರು ಎಂಬ ವಿಷಯ. ನಮ್ಮ ಸಂಘ ಒಂದು ಬೆಂಬಲದ ಠರಾವನ್ನೂ ಮಾಡಲಿಲ್ಲ. ಅದು ರಾಜಕೀಯ ಎಂದು ಬಿಟ್ಟೆವು.

ಇದು ಕಾಸರಗೋಡಿನ ಮಾತ್ರ ಪಾಡಲ್ಲ. ತಾಳವಾಡಿಯವರು ಚಾಮರಾಜನಗರಕ್ಕೆ, ಆದೋನಿಯವರು ಬಳ್ಳಾರಿಗೆ, ಹೊಸೂರಿನವರು ಬೆಂಗಳೂರಿಗೆ ರೋಗಿಯನ್ನು ಕರೆದುಕೊಂಡು ಹೋಗುವುದು ಇದ್ದದ್ದೇ. ಹೋದ ಕಡೆ ಮಾತು ಸರಿಹೋಗುತ್ತದೆ, ಆದರೆ ಹೊರಟ ಆಸ್ಪತ್ರೆಗೂ ತಲುಪಿದ ಆಸ್ಪತ್ರೆಗೂ ನಡುವೆ ಒಂದು ಫೋನ್ ಕರೆಯೂ ಇರುವುದಿಲ್ಲ. ಒಂದು ಚೀಟಿ, ಗಾಬರಿಯಾದ ಒಬ್ಬ ಮಗ, ಅಷ್ಟೇ. ಗಡಿಯ ಎರಡೂ ಬದಿಯ ಆಸ್ಪತ್ರೆಗಳು ಒಂದೇ ತಂಡವಾಗುವುದು ದೂರದ ಮಾತು ಎಂದು ನನಗೂ ಗೊತ್ತು. ಆದರೂ 2020ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿ ಆದ ಒಪ್ಪಂದವನ್ನು, ಕಾಯಿಲೆ ಇಲ್ಲದ ಕಾಲದಲ್ಲಿ ಇಬ್ಬರು ಜಿಲ್ಲಾಧಿಕಾರಿಗಳು, ಇಬ್ಬರು ವೈದ್ಯಾಧಿಕಾರಿಗಳು ಕೂತು ಒಂದು ಮಧ್ಯಾಹ್ನದಲ್ಲಿ ಮಾಡಿಕೊಳ್ಳಬಹುದು.

ಕಾರ್ಯಕಾರಿ ಸಮಿತಿಯ ಮುಂದಿನ ಸಭೆಗೆ ನಾನು ಮೂರು ವಿಷಯ ಇಡುತ್ತಿದ್ದೇನೆ. ಉಕ್ಕಿನಡ್ಕದ ಬಗ್ಗೆ ಕೊಡುವ ಮುಂದಿನ ಮನವಿಯಲ್ಲಿ ಹುದ್ದೆ ತುಂಬುವುದರ ಜೊತೆಗೆ ಕನಿಷ್ಠ ಮೂರು ವರ್ಷ ನಿಲ್ಲಿಸುವ ಬೇಡಿಕೆಯೂ ಇರಬೇಕು, ನಿಲ್ಲುವವರಿಗೆ ವಸತಿಗೃಹ ಮತ್ತು ಗಡಿ ಭತ್ಯೆ ಕೇಳಬೇಕು. ಪ್ರತಿ ಪಾಳಿಯಲ್ಲೂ ಕನ್ನಡ ಬಲ್ಲ ಒಬ್ಬರ ಹೆಸರು ವಾರ್ಡಿನ ಬೋರ್ಡಿನಲ್ಲಿ ಇರಬೇಕು, ಅವರು ದಾದಿಯಾಗಿರಲಿ ಸ್ವಚ್ಛತೆಯವರಾಗಿರಲಿ. ಮೂರನೆಯದು ನಾವೇ ಮಾಡಬಹುದಾದ್ದು. ನೋವು, ಉರಿ, ಸಂಕಟ, ಬಾವು, ತಲೆಸುತ್ತು, ಉಬ್ಬಸ, ಹೀಗೆ ಕಾಯಿಲೆಯ ನೂರು ಮಾತುಗಳನ್ನು ಕನ್ನಡ, ತುಳು, ಮಲಯಾಳದಲ್ಲಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಹೊಸದಾಗಿ ಬರುವ ದಾದಿಯರಿಗೆ ಕೊಡುವುದು. ಕರಡು ಪಟ್ಟಿಯಲ್ಲಿ ಈಗ 62 ಮಾತುಗಳಾಗಿವೆ. ಮನೆಯ ಹಿರಿಯರು ನೋವಾದಾಗ ಯಾವ ಮಾತು ಬಳಸುತ್ತಾರೋ ಅದೇ ಮಾತನ್ನು, ತಿದ್ದದೆ, ಬರೆದು ಕಳುಹಿಸಿ. ತಮಿಳು, ತೆಲುಗು, ಮರಾಠಿ ಕಡೆಯ ಸದಸ್ಯರು ತಮ್ಮ ಊರಿನ ಹಾಳೆ ತಾವೇ ಮಾಡುವುದಾದರೆ ಈ ಕರಡನ್ನು ಕಳುಹಿಸಿಕೊಡುತ್ತೇನೆ.

ಇತಿ,
ಕಾರ್ಯದರ್ಶಿ